ಜೇನುಕೇರಿಯ ನೀರು

ವೊಲ್ತೆರ್ರಾದಲ್ಲಿ ಮೂರು ದಿನ ಇರುವುದೆಂದು ಬಂದವರು ಮಾರನೆಯ ಬೆಳಿಗ್ಗೆಯೇ ಚೀಲ ಕಟ್ಟಿದರು. ಕಟ್ಟಿದವನು ನೇರಿ. ಅವನ ಹೆಂಡತಿ ಲಾವಿನಿಯಾ ಮಂಚದ ಅಂಚಿನಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತ, ಗಂಡ ಇನ್ನೂ ಒಣಗದ ಅಂಗಿಗಳನ್ನು ಚೀಲಕ್ಕೆ ತುರುಕುವುದನ್ನು ನೋಡುತ್ತಿದ್ದಳು.

“ಈ ಊರಿಗೇನಾಯ್ತು ಈಗ?”

“ಗಾಳಿ ಜಾಸ್ತಿ. ಮಗೂಗೆ ಆಗಲ್ಲ.”

“ಮೊನ್ನೆ ಕೊರ್ತೋನಾದಲ್ಲಿ ಗಾಳೀನೇ ಇಲ್ಲ, ಸೆಕೆ, ಮಗೂಗೆ ಆಗಲ್ಲ ಅಂದೆ.”

“ಅದು ಬೇರೆ ಊರು.”

“ಮಗು ಅದೇ ಅಲ್ವಾ?”

ನೇರಿ ಚೀಲದ ಬಾಯಿ ಎಳೆದು ಕಟ್ಟಿದ. ಒಂಬತ್ತು ತಿಂಗಳ ಬೀಚೆ ಬಾಟಲಿ ಬಿಟ್ಟು ಅಪ್ಪನ ಕಡೆ ತಿರುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವಳಿಗೆ ಯಾವ ಊರಾದರೂ ಸರಿ, ಅಪ್ಪನ ಕಿವಿ ಹಿಡಿದು ಎಳೆಯಲು ಸಿಕ್ಕರೆ ಸಾಕು. ಕಾಲಿಗೆ ಚಕ್ರ ಕಟ್ಟಿಕೊಂಡವನು ಅಪ್ಪ. ಬೆಟ್ಟದ ಮೇಲಿನ ಊರು ಕಂಡರೆ ಹತ್ತುತ್ತಾನೆ, ಹತ್ತಿದ ಮೇಲೆ ಗೋಡೆಯ ಅಂಚಿಗೆ ಹೋಗಿ ದಿಗಂತ ನೋಡುತ್ತಾನೆ, ನೋಡಿ ಇಳಿಯುತ್ತಾನೆ. ಚರ್ಚಿನ ಒಳಗೆ ಹೋದರೆ ಐದು ನಿಮಿಷ, ಹೋಟೆಲಿನಲ್ಲಿ ಕೂತರೆ ತಟ್ಟೆ ಬರುವ ಮೊದಲೇ ಬಿಲ್ಲು ಕೇಳುತ್ತಾನೆ. ಇದಕ್ಕೆ ರಜೆ ಎಂದು ಹೆಸರು.

ಗೋಡೆಯ ಅಂಚಿನಿಂದ ಅವನು ನೋಡುತ್ತಿದ್ದದ್ದು ಯಾವ ದಿಕ್ಕು ಎಂಬುದು ಲಾವಿನಿಯಾಗೆ ಗೊತ್ತಿತ್ತು. ಎಲ್ಲ ಊರಿನಿಂದಲೂ ಒಂದೇ ದಿಕ್ಕು. ಆ ಕಡೆ, ಮೂರೋ ನಾಲ್ಕೋ ಗುಡ್ಡಗಳ ಆಚೆ, ಅವರ ಊರು ಮೊಂತಾರ್ಚೊ ಇತ್ತು. ಅಲ್ಲಿ ಈಗ ಚೌಕಕ್ಕೆ ಮಣ್ಣು ಹಾಸುತ್ತಿರುತ್ತಾರೆ.

ಆಗಸ್ಟ್ ಇಪ್ಪತ್ತನಾಲ್ಕು, ಸಂತ ಬಾರ್ತೊಲೊಮೆಯೊನ ಹಬ್ಬದ ದಿನ, ಮೊಂತಾರ್ಚೊದ ಏಳು ಕೇರಿಗಳ ಕುದುರೆಗಳು ಆ ಚೌಕವನ್ನು ಮೂರು ಸುತ್ತು ಓಡುತ್ತವೆ. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ. ಆ ಎರಡು ನಿಮಿಷಕ್ಕಾಗಿ ಆ ಊರಿನವರು ವರ್ಷವಿಡೀ ಮಾತಾಡುತ್ತಾರೆ, ಮಾತು ಬಿಡುತ್ತಾರೆ, ಮತ್ತೆ ಮಾತಾಡುತ್ತಾರೆ. ನೇರಿ ಕರಡಿಕೇರಿಯವನು. ಲಾವಿನಿಯಾ ಜೇನುಕೇರಿಯವಳು. ಈ ಎರಡು ಕೇರಿಗಳಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಯಾಕೆ ಎಂದು ಕೇಳಿದರೆ ಒಬ್ಬ ಒಂದು ಗೋಡೆಯ ಕಥೆ ಹೇಳುತ್ತಾನೆ, ಇನ್ನೊಬ್ಬ ಒಂದು ಬಾವಿಯ ಕಥೆ. ಗೋಡೆಯೂ ಬಿದ್ದುಹೋಗಿದೆ, ಬಾವಿಯೂ ಮುಚ್ಚಿಹೋಗಿದೆ, ಹಗೆ ಮಾತ್ರ ದಿನಾ ಬೆಳಿಗ್ಗೆ ಮುಖ ತೊಳೆದು ಹೊಸದಾಗಿ ಬರುತ್ತದೆ.

ಉಳಿದ ದಿನಗಳಲ್ಲಿ ತೊಂದರೆಯಿಲ್ಲ. ಕರಡಿಯ ಹುಡುಗ ಜೇನಿನ ಹುಡುಗಿಯನ್ನು ಪ್ರೀತಿಸಬಹುದು, ಮದುವೆಯಾಗಬಹುದು, ಯಾವ ಕೇರಿಗೂ ಸೇರದ ಬಸ್ ನಿಲ್ದಾಣದ ಹಿಂದೆ ಬಾಡಿಗೆ ಮನೆ ಮಾಡಬಹುದು. ಓಟದ ವಾರ ಬಂತೆಂದರೆ ಮಾತ್ರ ಹೆಂಡತಿ ತವರಿಗೆ ಹೋಗಬೇಕು. ಅದು ಜಗಳವಲ್ಲ, ಪದ್ಧತಿ. ಆ ವಾರ ನೇರಿಗೆ ಮನೆಯೂ ಬೇಕಿರಲಿಲ್ಲ. ವರ್ಷವೆಲ್ಲ ಟ್ರ್ಯಾಕ್ಟರು ರಿಪೇರಿ ಮಾಡುವ ಅವನು ಆ ಮೂರು ರಾತ್ರಿ ಕರಡಿಕೇರಿಯ ಕುದುರೆಯ ಜೊತೆ ಲಾಯದಲ್ಲೇ ಮಲಗುತ್ತಿದ್ದ. ಕುದುರೆಗೆ ಯಾರೂ ಮದ್ದು ಹಾಕದಂತೆ, ಅದು ಹೆದರದಂತೆ, ಮೇವು ಬಿಡದಂತೆ ನೋಡಿಕೊಳ್ಳುವ ಕೆಲಸ. ಅವನ ಅಪ್ಪ ಅಲ್ವಾರೊ ಮಾಡಿದ್ದ, ಅಜ್ಜ ಮಾಡಿದ್ದ.

ಕಳೆದ ವರ್ಷ ಕರಡಿ ಗೆದ್ದಿತು. ಗೆದ್ದ ಕೇರಿಯವರು ಸೋತ ಹಗೆಯವರ ಗೋಡೆಯ ಕೆಳಗೆ ಹೋಗಿ ಹಾಡಬೇಕು, ಅದೂ ಪದ್ಧತಿಯೇ. ಜೇನುಕೇರಿಯನ್ನು ಊರೆಲ್ಲ ‘ಅಜ್ಜಿ’ ಎಂದು ಕರೆಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಾಲ ಗೆಲ್ಲದ ಕೇರಿಗೆ ಆ ಹೆಸರು. ಲಾವಿನಿಯಾ ಹುಟ್ಟುವ ಹಿಂದಿನ ವರ್ಷ ಗೆದ್ದದ್ದೇ ಕೊನೆ. ನೇರಿ ಅಜ್ಜಿಯ ಹಾಗೆ ತಲೆಗೆ ರಾತ್ರಿಟೋಪಿ ಹಾಕಿಕೊಂಡು, ಕೋಲು ಊರಿಕೊಂಡು, ಸೊಂಟ ಬಗ್ಗಿಸಿ ಎಲ್ಲರ ಮುಂದೆ ಕುಣಿದ. ಕುಣಿಯುತ್ತ ತಲೆಯೆತ್ತಿದಾಗ ಮಾವನ ಮನೆಯ ಕಿಟಕಿಯಲ್ಲಿ ಹೆಂಡತಿ ಕಂಡಳು. ಆರು ತಿಂಗಳ ಬಸುರಿ, ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನೇರಿ ಇನ್ನೊಂದು ಚರಣ ಹಾಡಿದ.

ಅದಾದ ಮೇಲೆ ಅವಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೆರಿಗೆಯ ದಿನ ಅಲ್ವಾರೊ ಕರಡಿಕೇರಿಯ ಮಣ್ಣನ್ನು ಚೀಲದಲ್ಲಿ ತಂದು ಆಸ್ಪತ್ರೆ ಮಂಚದ ಕೆಳಗೆ ಸುರಿದ, ಮಗು ಕರಡಿಯ ನೆಲದ ಮೇಲೆ ಹುಟ್ಟಲಿ ಎಂದು. ಬಗ್ಗಿ ನೋಡಿದರೆ ಜೇನುಕೇರಿಯ ಮಣ್ಣು ಅದಾಗಲೇ ಅಲ್ಲಿ ಬಿದ್ದಿತ್ತು. ಲಾವಿನಿಯಾಳ ಅಮ್ಮ ಮೋರೆನಾ ಬೆಳಿಗ್ಗೆಯೇ ಬಂದು ಕೆಲಸ ಮುಗಿಸಿದ್ದಳು. ಕಸ ಗುಡಿಸುವವಳು ಎರಡನ್ನೂ ಒಂದೇ ಮೊರಕ್ಕೆ ಬಳಿದುಕೊಂಡು, ಇಬ್ಬರನ್ನೂ ಬೈದು, ಹೊರಗೆ ಎಸೆದಳು. ಹೀಗೆ ಬೀಚೆ ಯಾರ ನೆಲದ ಮೇಲೂ ಹುಟ್ಟಲಿಲ್ಲ. ಇನ್ನು ಉಳಿದದ್ದು ಕಾರಂಜಿಯ ನೀರು. ಯಾವ ಕೇರಿಯ ಕಾರಂಜಿಯ ನೀರು ತಲೆಗೆ ಬಿತ್ತೋ ಮಗು ಸಾಯುವವರೆಗೂ ಆ ಕೇರಿಯದ್ದು. ಮೇ ತಿಂಗಳಲ್ಲಿ ಅಲ್ವಾರೊ ತನ್ನ ಕೇರಿಯ ಕೆಂಪು ಬಿಳಿ ವಸ್ತ್ರ ಹಿಡಿದು ಬಂದ, ಜೂನ್‌ನಲ್ಲಿ ಮೋರೆನಾ ತನ್ನ ಕೇರಿಯ ಹಳದಿ ಕಪ್ಪು ವಸ್ತ್ರ ಹಿಡಿದು ಬಂದಳು. ಲಾವಿನಿಯಾ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸಿದಳು.

ಜುಲೈನಲ್ಲಿ, ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ ಅವಳು ಗಂಡನಿಗೆ ಹೇಳಿದ್ದಳು. “ಈ ಸಲ ಓಟದ ವಾರ ನಾವು ಮೂರೂ ಜನ ಊರಲ್ಲಿರಲ್ಲ. ಬೆಟ್ಟ, ಸಮುದ್ರ ಎಲ್ಲಿಗಾದ್ರೂ ಹೋಗೋಣ. ಊರಿಗೆ ಫೋನಿಲ್ಲ, ಯಾರು ಗೆದ್ರು ಅಂತ ಕೇಳಂಗಿಲ್ಲ, ನಾನೂ ಕೇಳಲ್ಲ. ನೀನು ಲಾಯದಲ್ಲಿ ಮಲಗ್ತೀನಿ ಅಂದ್ರೆ ಮಲಗು. ನಾನು ತವರಿಗೆ ಹೋಗ್ತೀನಿ, ಆದ್ರೆ ವಾಪಸ್ ಬರಲ್ಲ.” ಕೂಗಿ ಹೇಳಿದ್ದರೆ ನೇರಿ ತಾನೂ ಕೂಗುತ್ತಿದ್ದ. ಅವಳು ಕಾಳು ಎಣಿಸುವವಳ ಹಾಗೆ ಹೇಳಿದ್ದರಿಂದ ಅವನಿಗೆ ಹೆದರಿಕೆಯಾಯಿತು. ಹೊರಡುವ ದಿನ ಇಬ್ಬರೂ ಹಾಗೆಂದು ಆಣೆ ಹಾಕಿ, ಇಬ್ಬರ ಫೋನನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಾರಿನ ಹಿಂದೆ ಹೆಚ್ಚುವರಿ ಚಕ್ರದ ಕೆಳಗೆ ಇಟ್ಟರು.

ವೊಲ್ತೆರ್ರಾದಿಂದ ಲುಕ್ಕಾಕ್ಕೆ ಬಂದರು. ಲುಕ್ಕಾದಲ್ಲಿ ಗುಡ್ಡವಿಲ್ಲ, ದಿಕ್ಕು ನೋಡುವ ಕಾಟ ತಪ್ಪಿತು ಎಂದುಕೊಂಡಳು ಲಾವಿನಿಯಾ. ಆದರೆ ಆ ಊರಿನ ನಡುವೆ ಮೊಟ್ಟೆಯಾಕಾರದ ಒಂದು ಚೌಕವಿದೆ, ಸುತ್ತ ಹಳದಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಅವಳು ಮೇಜು ಹಿಡಿದು ಕೂತಳು. ನೇರಿ ಮಗುವಿನ ಗಾಡಿ ತಳ್ಳಿಕೊಂಡು “ಮಲಗಿಸಿಕೊಂಡು ಬರ್ತೀನಿ” ಎಂದು ಹೋದ.

ಮೊದಲ ಸುತ್ತು ನಿಧಾನ. ಎರಡನೆಯದಕ್ಕೆ ಅವನ ಕಾಲು ಬಿರುಸಾಯಿತು. ಮೂರನೆಯದರಲ್ಲಿ ತಿರುವಿಗೆ ಬರುವ ಮೊದಲು ಹೊರಕ್ಕೆ ಹೋಗಿ, ಆಮೇಲೆ ಒಳಗೋಡೆಗೆ ಒತ್ತಿಕೊಂಡು, ಪ್ರವಾಸಿಗಳ ಕುರ್ಚಿಗಳ ನಡುವೆ ನುಗ್ಗಿ ಬಂದ. ಬೀಚೆ ಗಾಡಿಯಲ್ಲಿ ಎದ್ದು ಕೂತು ಕೇಕೆ ಹಾಕುತ್ತಿತ್ತು. ಕಾಫಿ ತಂದ ಹುಡುಗಿ ತಟ್ಟೆ ಎತ್ತಿ ಹಿಡಿದು ದಾರಿ ಬಿಟ್ಟಳು.

“ಏನಮ್ಮ, ನಿಮ್ಮ ಯಜಮಾನ್ರನ್ನ ಯಾರಾದ್ರೂ ಹಿಂದೆ ಅಟ್ಟಿಸ್ಕೊಂಡು ಬರ್ತಿದಾರಾ?”

“ಇಲ್ಲ ಕಣಮ್ಮ, ಯಾರೋ ಮುಂದೆ ಓಡ್ತಿದಾರೆ ಅನ್ಕೊಂಡಿದಾರೆ,” ಎಂದಳು ಲಾವಿನಿಯಾ. ನಗು ಬಂತು. ನಕ್ಕ ಮೇಲೆ ಕಾಫಿಯನ್ನು ಮುಟ್ಟದೆ ಬದಿಗೆ ಸರಿಸಿದಳು. ಅಂದು ಊರಿನಲ್ಲಿ ಚೀಟಿ ಎತ್ತುವ ದಿನ. ಯಾವ ಕೇರಿಗೆ ಯಾವ ಕುದುರೆ ಎಂಬುದು ಈ ಹೊತ್ತಿಗೆ ಗೊತ್ತಾಗಿರುತ್ತದೆ. ಅದನ್ನು ನೆನೆಸಿಕೊಂಡಿದ್ದು ಗಂಡ ಒಬ್ಬನೇ ಅಲ್ಲ. ಅವಳ ಕಾಫಿ ಹಾಗೆಯೇ ತಣ್ಣಗಾಗಿದ್ದನ್ನು ನೇರಿ ಬಂದು ನೋಡಿದ, ಆದರೆ ಅದಕ್ಕೆ ಅರ್ಥ ಹಚ್ಚಲಿಲ್ಲ. ತನ್ನ ತಳಮಳದಲ್ಲಿ ಅವನಿಗೆ ಬೇರೆಯವರದ್ದು ಕಾಣುತ್ತಿರಲಿಲ್ಲ.

ಮಾರನೆಯ ದಿನ ಲಿವೋರ್ನೊ. ಸಮುದ್ರ ಸಿಕ್ಕಿದ ಮೇಲೆ ಮುಂದೆ ಓಡಲು ರಸ್ತೆಯಿರಲಿಲ್ಲ.

ಲಿವೋರ್ನೊದಲ್ಲಿ ಕೋಣೆ ಕೊಟ್ಟವಳು ಉಲ್ಡೆರಿಕಾ. ನೇರಿಯ ತೀರಿಕೊಂಡ ತಾಯಿಯ ಕಡೆಯಿಂದ ದೂರದ ನೆಂಟಳು. ಹಡಗಿನವನ ಹೆಂಡತಿಯಾಗಿ, ವಿಧವೆಯಾಗಿ, ಬಂದರಿನ ಗಾಳಿಯಲ್ಲಿ ಕೂಗಿ ಕೂಗಿ ದನಿ ಒಡೆದಿತ್ತು. ಬಾಗಿಲು ತೆಗೆಯುತ್ತಲೇ ಶುರು ಮಾಡಿದಳು.

“ಬನ್ರಪ್ಪ ಬೆಟ್ಟದ ಮೇಕೆಗಳಾ! ಮುಖ ನೋಡು, ಉಪ್ಪು ನೀರು ಕಂಡೇ ಇಲ್ಲ ಅನ್ನೋ ಹಂಗೆ. ಈ ಕೂಸು ಯಾರ ಹಂಗಿದೆ? ದೇವರು ದೊಡ್ಡವನು, ಅಪ್ಪನ ಮೂಗು ಬಂದಿಲ್ಲ.”

ಅವಳು ಮಾಡಿದ ಮೀನಿನ ಸಾರು ಕೆಂಪಗೆ, ಖಾರವಾಗಿ, ಐದಾರು ಬಗೆಯ ಮೀನು ತುಂಬಿ, ತಳದಲ್ಲಿ ಬೆಳ್ಳುಳ್ಳಿ ಉಜ್ಜಿದ ಬ್ರೆಡ್ಡು ನೆನೆದು ಬಂತು. ನೇರಿ ಮೊದಲ ಬಾರಿಗೆ ತಟ್ಟೆ ಖಾಲಿ ಮಾಡಿದ. ಆ ಸಂಜೆ ಮೂವರೂ ಕಡಲ ದಂಡೆಯ ಕಪ್ಪು ಬಿಳಿ ಚೌಕಗಳ ನೆಲದ ಮೇಲೆ ನಡೆದಾಡಿದರು. ಲಾವಿನಿಯಾ ಅವನ ತೋಳು ಹಿಡಿದಳು. ಹಿಡಿದು ಬಹಳ ದಿನವಾಗಿತ್ತು. ಬದುಕಿಕೊಂಡೆ ಅನ್ನಿಸಿತು ನೇರಿಗೆ. ಇನ್ನೊಂದೇ ದಿನ.

ಬೆಳಿಗ್ಗೆ ಅವನು ಅಡುಗೆಮನೆಗೆ ಬಂದಾಗ ಉಲ್ಡೆರಿಕಾ ಕಾಫಿ ಕೆಟಲಿನ ಮುಂದೆ ನಿಂತು, ಎಂದಿಲ್ಲದಂತೆ ದನಿ ತಗ್ಗಿಸಿದಳು.

“ನಿಮ್ಮಪ್ಪ ಫೋನ್ ಮಾಡಿದ್ದ. ಕತ್ತಲೆ ಹರಿಯೋಕೆ ಮುಂಚೆ. ಯಾರಾದ್ರೂ ಸತ್ತೇ ಹೋದ್ರಾ ಅಂದ್ಕೊಂಡೆ ನಾನು.”

“ಹೇಳ್ಬೇಡ ಅತ್ತೆ.”

“ಹೇಳ್ಲೇಬೇಕಂತೆ. ಚೀಟೀಲಿ ಮೊರೆಲ್ಲಾ ಈ ಸಲಾನೂ ನಿಮ್ಮ ಕೇರಿಗೇ ಬಿದ್ದಿದೆಯಂತೆ. ಎರಡು ದಿನದಿಂದ ಮೇವು ಮುಟ್ತಿಲ್ಲವಂತೆ. ನಿನ್ನ ಜಾಗದಲ್ಲಿ ಮಲಗಿರೋನಿಗೆ ಏನೂ ತೋಚ್ತಿಲ್ಲವಂತೆ. ಹೆಂಡ್ತಿ ಸೆರಗು ಬಿಟ್ಟು ಬಾ ಅಂತ ಹೇಳು ಅಂದ. ನಾನಲ್ಲಪ್ಪ, ಅವನಂದಿದ್ದು.”

ಕಳೆದ ವರ್ಷ ಗೆದ್ದು ಕೊಟ್ಟದ್ದು ಇದೇ ಕಪ್ಪು ಹೆಣ್ಣುಕುದುರೆ, ಮೊರೆಲ್ಲಾ. ಅದು ಯಾಕೆ ತಿನ್ನುತ್ತಿಲ್ಲ ಎಂಬುದು ನೇರಿಗೆ ಅಂಗೈಯ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಆ ಕುದುರೆಗೆ ಯಾರಾದರೂ ನೋಡುತ್ತಿದ್ದರೆ ತಿನ್ನಲಾಗುವುದಿಲ್ಲ. ಮೇವು ಇಟ್ಟು, ಅದರ ಕಡೆ ಬೆನ್ನು ಮಾಡಿ, ನೆಲದ ಮೇಲೆ ಕೂತುಬಿಡಬೇಕು. ಹೋಗಲೂ ಬಾರದು, ತಿರುಗಲೂ ಬಾರದು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಜಗಿಯುವ ಸದ್ದು ಕೇಳುತ್ತದೆ. ಕಳೆದ ವರ್ಷ ಅದನ್ನು ಕಂಡುಕೊಳ್ಳಲು ಅವನಿಗೆ ಎರಡು ರಾತ್ರಿ ಹಿಡಿದಿತ್ತು, ಯಾರಿಗೂ ಹೇಳಿರಲಿಲ್ಲ. ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಫೋನು ಗೋಡೆಯ ಮೇಲೆ, ಕೈಗೆ ಸಿಗುವಷ್ಟು ದೂರದಲ್ಲೇ ಇತ್ತು.

“ಯಾರದ್ದು ಫೋನು?” ಬಾಗಿಲಲ್ಲಿ ಲಾವಿನಿಯಾ ನಿಂತಿದ್ದಳು, ಮಗು ಹೆಗಲ ಮೇಲೆ.

ಸುಳ್ಳು ಬಾಯಿಗೆ ಬಂತು, ನಾಲಗೆ ಮೇಲೆ ನಿಲ್ಲಲಿಲ್ಲ. “ಅಪ್ಪಂದು. ಕುದುರೆ ತಿನ್ತಿಲ್ಲವಂತೆ.”

“ಮೊರೆಲ್ಲಾನಾ?”

“ಹೂಂ.”

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ಉಲ್ಡೆರಿಕಾ ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಆ ಮನೆಯಲ್ಲಿ ಅಂಥದ್ದು ಹಿಂದೆ ನಡೆದಿರಲಿಕ್ಕಿಲ್ಲ. “ಹೋಗ್ಬೇಕು ಅನ್ಸಿದ್ರೆ ಹೋಗು ನೇರಿ,” ಎಂದಳು ಲಾವಿನಿಯಾ. “ಕಾರಿನ ಕೀಲಿ ಅಲ್ಲೇ ಇದೆ. ನಾನು ಹೇಳಿದ್ದು ನೆನಪಿದೆಯಲ್ಲ, ಅಷ್ಟು ಸಾಕು.”

ನೇರಿ ಕೀಲಿಯನ್ನು ತೆಗೆದುಕೊಂಡ, ಮಗುವಿಗೆ ಆಡಲು ಕೊಟ್ಟ. ಮಗು ಅದನ್ನು ಬಾಯಿಗೆ ಹಾಕಿಕೊಂಡಿತು. ಅಂದು ಇಡೀ ದಿನ ಅವನು ಗೋಡೆಯ ಮೇಲಿನ ಫೋನಿದ್ದ ಕಡೆ ಹೋಗಲಿಲ್ಲ, ನೀರು ಕುಡಿಯಲು ಕೂಡ ಹೊರಗಿನ ನಲ್ಲಿಗೆ ಹೋದ.

ಇಪ್ಪತ್ತನಾಲ್ಕರಂದು ಅವನು ಬಿಸಿಲೇರುವ ಮೊದಲೇ ಮಗುವನ್ನೆತ್ತಿಕೊಂಡು ದಂಡೆಗೆ ಹೋದ. ಮಧ್ಯಾಹ್ನ ಉಣ್ಣಲು ಬಂದವನು ಮತ್ತೆ ಹೋದ. ಬಂದರಿನ ಕಟ್ಟೆ, ಮೀನಿನ ಮಾರುಕಟ್ಟೆ, ಕಾಲುವೆಗಳ ಸೇತುವೆ, ಮತ್ತೆ ದಂಡೆ. ಒಂದು ಅಂಗಡಿಯಲ್ಲಿ ಕಡಲೆಹಿಟ್ಟಿನ ಬಿಸಿ ರೊಟ್ಟಿಯನ್ನು ಬ್ರೆಡ್ಡಿನ ನಡುವೆ ಇಟ್ಟು ಕೊಟ್ಟರು, ಎರಡು ಕಚ್ಚು ಕಚ್ಚಿ ಉಳಿದದ್ದನ್ನು ಸೀಗಲ್ ಹಕ್ಕಿಗಳಿಗೆ ಹಾಕಿದ. ಬೆನ್ನು ಮಾಡಿ ಕೂರಿ, ಬೆನ್ನು ಮಾಡಿ ಕೂರಿ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು, ಆದರೆ ಯಾರಿಗೆ ಹೇಳುವುದು? ಕೆಳಗೆ ಹುಡುಗಿಯರು ಬಂಡೆಯಿಂದ ನೀರಿಗೆ ಹಾರುತ್ತಿದ್ದರು. ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ, ಅವನ ಪಕ್ಕ ಹೋಗಿ ಕೂತ, ಎದ್ದ, ಮತ್ತೆ ಕೂತ.

“ಲೇ ಮಾರಾಯ,” ಎಂದ ಮುದುಕ, “ಒಂದೋ ಇರು, ಇಲ್ಲ ಹೋಗು. ಮೀನು ಹೆದರ್ತಾವೆ.”

ಐದೂವರೆಯ ಹೊತ್ತಿಗೆ ಬೀಚೆ ಅಳಲು ಶುರು ಮಾಡಿತು. ಹಾಲಿನ ಬಾಟಲಿ ಮನೆಯಲ್ಲಿ ಮರೆತು ಬಂದಿದ್ದ. ಓಟಕ್ಕೆ ಇನ್ನು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಕೋಣೆಯಲ್ಲಿ ಹೆಂಡತಿಯ ಮುಂದೆ ಕೂತು, ಅವಳ ಕೈ ಹಿಡಿದು ಕಳೆದುಬಿಡುತ್ತೇನೆ, ನಾನು ಇಲ್ಲೇ ಇದ್ದೀನಿ ನೋಡು ಎನ್ನುತ್ತೇನೆ ಎಂದುಕೊಂಡು ಮನೆಯ ದಾರಿ ಹಿಡಿದ. ಆ ಯೋಚನೆಯಿಂದ ಅವನಿಗೆ ತನ್ನ ಮೇಲೇ ಸ್ವಲ್ಪ ಗೌರವ ಹುಟ್ಟಿತ್ತು.

ಕೋಣೆ ಖಾಲಿ. ಬಾಟಲಿಗೆ ಹಾಲು ಹಾಕಿ ಮಗುವಿನ ಬಾಯಿಗಿಟ್ಟು, ಅಡುಗೆಮನೆಗೆ ಹೋದ. ಉಲ್ಡೆರಿಕಾ ಮೂಲಂಗಿ ಹೆಚ್ಚುತ್ತಿದ್ದಳು. ಅವನನ್ನು ನೋಡಿ ಚಾಕು ಕೆಳಗಿಟ್ಟಳು.

“ಇಷ್ಟು ಬೇಗ ಬಂದ್ಯಾ?”

“ಲಾವಿನಿಯಾ ಎಲ್ಲಿ?”

“ಹೊರಗೆ... ಗಾಳಿಗೆ ಹೋಗಿದಾಳೆ.”

“ಅತ್ತೆ.”

“ಅಯ್ಯೋ, ನನ್ನನ್ಯಾಕೆ ನುಂಗೋ ಹಂಗೆ ನೋಡ್ತೀಯ? ಕೆಳಗಡೆ ಬಾರಲ್ಲಿದಾಳೆ. ಟೀವಿ ಇದೆಯಲ್ಲ ಅಲ್ಲಿ.”

ನೇರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ತಾನು ಎರಡು ದಿನದಿಂದ ಹಲ್ಲು ಕಚ್ಚಿಕೊಂಡು, ಒಂದು ಮಾತು ಹೇಳಿದ್ದರೆ ಕುದುರೆ ಉಳಿಯುತ್ತಿತ್ತು ಎಂದು ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಬಿದ್ದಿದ್ದರೆ, ಆಣೆ ಹಾಕಿಸಿದವಳು ಬಾರಿನಲ್ಲಿ ಕೂತು ಓಟ ನೋಡುತ್ತಾಳೆ! ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿದ. ಇಳಿಯುವಾಗ ಹೇಳಬೇಕಾದ ಮಾತುಗಳು ಒಂದರ ಮೇಲೊಂದು ಸಿದ್ಧವಾದವು, ಒಂದಕ್ಕಿಂತ ಒಂದು ಹರಿತ.

ಬಾರಿನಲ್ಲಿ ಇಸ್ಪೀಟು ಬಿಟ್ಟು ನಾಲ್ಕೈದು ಬಂದರಿನ ಆಳುಗಳು ಟೀವಿಯತ್ತ ತಿರುಗಿದ್ದರು. ಯಾವುದೋ ಸಣ್ಣ ಚಾನೆಲ್ಲು, ಚಿತ್ರ ಆಗಾಗ ನಡುಗುತ್ತಿತ್ತು. ಲಾವಿನಿಯಾ ಎಲ್ಲರಿಗಿಂತ ಮುಂದೆ, ಬರಿಗಾಲಲ್ಲಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದವಳ ಹಾಗೆ ನಿಂತಿದ್ದಳು. ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಂಡ ಬಂದದ್ದು ಅವಳಿಗೆ ತಿಳಿಯಲಿಲ್ಲ.

ಕುದುರೆಗಳ ಮುಂದೆ ಕಟ್ಟಿದ್ದ ಹಗ್ಗ ಬಿತ್ತು. ನೇರಿ ನೋಡಬಾರದೆಂದು ಕಣ್ಣು ಕೆಳಗೆ ಹಾಕಿದ, ಹಾಕಿದ ಕಣ್ಣು ತಾನಾಗಿ ಮೇಲೆದ್ದಿತು. ಮೊರೆಲ್ಲಾ ಎಲ್ಲರಿಗಿಂತ ಕೊನೆಗೆ ಹೊರಟಿತು. ಹೊಟ್ಟೆ ಒಳಗೆ ಹೋಗಿತ್ತು, ಕತ್ತು ಜೋತಿತ್ತು. ಮೊದಲ ತಿರುವಿನಲ್ಲೇ ಓಟ ಬಿಟ್ಟು ಬದಿಗೆ ಸರಿಯಿತು. ಅದರ ಬೆನ್ನ ಮೇಲಿದ್ದವನು ಎಳೆದೂ ಎಳೆದೂ ಸುಮ್ಮನಾದ. ಅಷ್ಟರಲ್ಲಿ ಮುಂದೆ ಒಂದು ಹಳದಿ ಕಪ್ಪು ಅಂಗಿ, ಎರಡನೆಯ ಸುತ್ತಿಗೆ ಇನ್ನೂ ಮುಂದೆ, ಮೂರನೆಯದಕ್ಕೆ ಅದರ ಹತ್ತಿರ ಯಾರೂ ಇಲ್ಲ. ಚೌಕದ ಅಂಚಿನ ಜನ ಬೇಲಿ ಹಾರಿ ಮಣ್ಣಿನ ಮೇಲೆ ಓಡಿದರು. ಜೇನು ಗೆದ್ದಿತ್ತು.

ಲಾವಿನಿಯಾ ಕೂಗಲಿಲ್ಲ. ಅಳುತ್ತ ಟೀವಿಯ ಹತ್ತಿರ ಹೋದಳು. ಟೀವಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು, ಮುದುಕರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಅವಳು ಪರದೆಗೆ ಮುಖ ಹತ್ತಿರ ತಂದು ಆ ಗುಂಪಿನಲ್ಲಿ ಯಾರನ್ನೋ ಹುಡುಕಿದಳು. “ಅಮ್ಮ,” ಎಂದಳು. “ಅಮ್ಮ ಅಲ್ಲಿ, ಅಮ್ಮ...” ಆಮೇಲೆ ಚಿತ್ರ ಹೋಗಿ ಯಾವುದೋ ಸೋಪಿನ ಜಾಹೀರಾತು ಬಂತು.

“ಏನ್ ತಾಯಿ, ಬೆಟ್ಟದೋರು ಕುದುರೆಗೆ ಹಿಂಗ್ ಅಳ್ತೀರಾ?” ಎಂದ ಒಬ್ಬ ಆಳು. “ನಮ್ಮಲ್ಲಿ ಗಂಡ ಸತ್ರೂ ಇಷ್ಟು ಅಳಲ್ಲ.”

“ನಾನು ನೋಡೇ ಇರ್ಲಿಲ್ಲ,” ಎಂದಳು ಅವಳು, ಅವನಿಗೋ ನೆಲಕ್ಕೋ. “ಹುಟ್ಟಿದಾಗಿಂದ ಅಜ್ಜಿ ಅಜ್ಜಿ ಅನ್ನಿಸ್ಕೊಂಡಿದೀನಿ. ಶಾಲೇಲಿ ಅನ್ನಿಸ್ಕೊಂಡೆ, ಮದುವೆ ದಿನ ಅನ್ನಿಸ್ಕೊಂಡೆ. ಒಂದು ಸಲ ಗೆದ್ರು, ಇವತ್ತು ಗೆದ್ರು, ನಾನಿಲ್ಲಿದೀನಿ.”

ನೇರಿ ಸಿದ್ಧಮಾಡಿಕೊಂಡು ತಂದಿದ್ದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. ರಾತ್ರಿಟೋಪಿ ನೆನಪಾಯಿತು, ಕೋಲು ನೆನಪಾಯಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಲುಕ್ಕಾದಲ್ಲಿ ತಣ್ಣಗಾದ ಕಾಫಿಯೂ ಈಗ ನೆನಪಿಗೆ ಬಂತು. ಈ ಪ್ರಯಾಣವನ್ನು ಅವಳು ತನ್ನನ್ನು ಕಟ್ಟಿಹಾಕಲು ಹೂಡಿದ್ದಾಳೆಂದೇ ಅವನು ತಿಳಿದಿದ್ದ. ಅವಳು ತನ್ನ ಕಾಲನ್ನೂ ಅದೇ ಗೂಟಕ್ಕೆ ಕಟ್ಟಿಕೊಂಡು ಊರಿಂದೂರಿಗೆ ಬಂದಿದ್ದಳು.

ಮಗು ಅಮ್ಮನನ್ನು ಕಂಡು ಕೂಗಿತು. ಲಾವಿನಿಯಾ ತಿರುಗಿದಳು, ಮುಖದ ಬಣ್ಣ ಇಳಿದುಹೋಯಿತು.

“ಬೈಯಿ,” ಎಂದಳು. “ಬೈಯಿ ನೇರಿ, ನಂದೇ ತಪ್ಪು. ನಾನೇ ಆಣೆ ಹಾಕ್ಸಿದ್ದು.”

“ಚಪ್ಪಲಿ ಹಾಕ್ಕೋ.”

“ಏನು?”

“ಚಪ್ಪಲಿ ಹಾಕ್ಕೊಂಡು ಕಾರು ಹತ್ತು. ಬೆಳಕು ಆರೋದ್ರೊಳಗೆ ಊರು ಮುಟ್ಬೋದು.”

ಉಲ್ಡೆರಿಕಾ ಬಾಗಿಲಿಗೆ ಬಂದು ಬ್ರೆಡ್ಡು, ಪೀಚ್ ಹಣ್ಣು, ಒಂದು ಟವೆಲ್ಲು ಎಲ್ಲವನ್ನೂ ಕಾರಿನ ಕಿಟಕಿಯಿಂದ ಒಳಗೆ ತುರುಕಿದಳು. “ಹೋಗಿ, ಹೋಗಿ! ಕೂತು ಸಮುದ್ರ ನೋಡೋ ಜಾತಿಯಲ್ಲ ನೀವು,” ಎಂದು ಒಡಕು ದನಿಯಲ್ಲಿ ಕೂಗಿ, ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು.

ಸಮುದ್ರ ಹಿಂದೆ ಸರಿದು ಗುಡ್ಡಗಳು ಶುರುವಾದವು. ಉತ್ತ ಹೊಲಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ವೊಲ್ತೆರ್ರಾದ ಗೋಡೆ ದೂರದಲ್ಲಿ ಕಂಡು ಮರೆಯಾಯಿತು.

“ಮೊರೆಲ್ಲಾ ಕಥೆ ನೋಡ್ದೆ,” ಎಂದಳು ಲಾವಿನಿಯಾ. “ನೀನಿದ್ದಿದ್ರೆ ಹಂಗಾಗ್ತಿರ್ಲಿಲ್ಲ.”

“ಗೊತ್ತಿಲ್ಲ.”

“ಗೊತ್ತು ನಿಂಗೆ. ನಿಮ್ಮಪ್ಪನಿಗೂ ಗೊತ್ತು. ಊರಿಗೆಲ್ಲ ಗೊತ್ತಾಗುತ್ತೆ. ಏನಂತ ಮುಖ ತೋರಿಸ್ತೀಯ?”

“ಇರೋದು ಒಂದೇ ಮುಖ. ಅದನ್ನೇ.”

ಅವಳು ನಕ್ಕಳು, ನಗುತ್ತಲೇ ಅತ್ತಳು. ಹಿಂದಿನ ಸೀಟಿನಲ್ಲಿ ಬೀಚೆ ಪೀಚ್ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆಲ್ಲ ಬಳಿದುಕೊಳ್ಳುತ್ತಿತ್ತು. ನೇರಿ ಕಾರನ್ನು ಓಡಿಸಿದ ರೀತಿ ನೋಡಿದ್ದರೆ ಲುಕ್ಕಾದ ಆ ಹುಡುಗಿ ಮತ್ತೊಮ್ಮೆ ತಟ್ಟೆ ಎತ್ತಿ ಹಿಡಿಯುತ್ತಿದ್ದಳು.

ಮೊಂತಾರ್ಚೊದ ಕೆಳಬಾಗಿಲಲ್ಲಿ ಕಾರು ಬಿಟ್ಟು ಹತ್ತಿದರು. ಡೊಳ್ಳಿನ ಸದ್ದು ಕಲ್ಲುಹಾಸಿನಿಂದಲೇ ಏಳುತ್ತಿದೆಯೋ ಎನ್ನುವಂತೆ ಅಂಗಾಲಿಗೆ ತಾಗುತ್ತಿತ್ತು. ಓಣಿ ಎರಡಾಗುವಲ್ಲಿ, ಬಲಗಡೆಯ ಗೋಡೆಗೆ ಜೇನುಹುಳದ ಚಿತ್ರದ ಹೆಂಚು ಹುಗಿದಿದ್ದರು. ಆ ಹೆಂಚಿನಾಚೆ ಜೇನುಕೇರಿ. ದೀಪ, ಹಾಡು, ಸುರಿದ ದ್ರಾಕ್ಷಾರಸದ ವಾಸನೆ. ಗೆದ್ದ ರಾತ್ರಿ ಆ ಗೆರೆ ದಾಟಿ ಒಬ್ಬ ಕರಡಿ ಒಳಗೆ ಕಾಲಿಡುವುದುಂಟೇ! ನೇರಿ ಹೆಂಚಿನ ಈಚೆ ನಿಂತ.

“ಹೋಗು,” ಎಂದ, ಮಗುವನ್ನು ಅವಳ ತೋಳಿಗೆ ಕೊಡುತ್ತ.

ಲಾವಿನಿಯಾ ಮಗುವನ್ನು ತೆಗೆದುಕೊಳ್ಳಲಿಲ್ಲ. “ಬೇಡ ನೇರಿ. ಇವಳು ನಿನ್ನ ಹತ್ರಾನೇ ಇರ್ಲಿ. ಇವತ್ತು ಕಾರಂಜಿ ತೆಗೆದಿರ್ತಾರೆ, ಕೇರಿ ಮಕ್ಕಳಿಗೆಲ್ಲ ನೀರು ಹಾಕ್ತಾರೆ. ಅಮ್ಮ ಇವಳನ್ನ ನೋಡಿದ್ರೆ ಬಿಡ್ತಾಳಾ? ನಾನು ಬೇಡ ಅಂತೀನೋ ಇಲ್ವೋ ನನಗೇ ಗೊತ್ತಿಲ್ಲ, ಅದೇ ನಂಗೆ ಭಯ. ಒಂದ್ಸಲ ಬಿದ್ರೆ ಬಿತ್ತು. ನಿಮ್ಮಪ್ಪ ಎದೆ ಒಡ್ಕೊಂಡು ಸಾಯ್ತಾರೆ.”

ನೇರಿ ಮಗುವಿನ ಮುಖ ನೋಡಿದ. ಹಣ್ಣಿನ ರಸ ಅಂಟಿದ ಕೆನ್ನೆ, ಡೊಳ್ಳಿನ ಕಡೆ ತಿರುಗಿದ ಕಣ್ಣು. ತಾನು ಕೆಂಪು ಬಿಳಿ ವಸ್ತ್ರ ಕಟ್ಟಿ ಕರಡಿಕೇರಿಯ ಕಾರಂಜಿಗೆ ಎತ್ತಿಕೊಂಡು ಹೋಗುವುದನ್ನು ಎಷ್ಟು ಸಲ ಕನಸು ಕಂಡಿದ್ದನೋ. ಹೆಗಲ ಮೇಲಿದ್ದ ಉಲ್ಡೆರಿಕಾಳ ಟವೆಲ್ಲನ್ನು ತೆಗೆದು ಹೆಂಡತಿಯ ಹೆಗಲಿಗೆ ಹಾಕಿದ, ಮಗುವನ್ನು ಅವಳ ತೋಳಿಗಿಟ್ಟ.

“ಹಾಕಿದ್ರೆ ಹಾಕ್ಲಿ. ತಲೆ ಚೆನ್ನಾಗಿ ಒರೆಸು. ಶೀತ ಆಗುತ್ತೆ.”

ಲಾವಿನಿಯಾ ಅವನನ್ನೇ ನೋಡುತ್ತ ನಿಂತಳು. ಕಾಲು ಏಳಲಿಲ್ಲ. ಅವನು ನೋಡುತ್ತಿರುವಷ್ಟು ಹೊತ್ತು ಅವಳು ಆ ಗೆರೆ ದಾಟಲಾರಳು ಎಂದು ನೇರಿಗೆ ಗೊತ್ತಾಯಿತು. ಅವನು ತಿರುಗಿ, ಅವಳ ಕಡೆ ಬೆನ್ನು ಮಾಡಿ, ಹೆಂಚಿನ ಕೆಳಗಿನ ಕಲ್ಲಿನ ಮೇಲೆ ಕೂತ. ಎದುರಿಗೆ ಕರಡಿಕೇರಿ, ಒಂದು ಕಿಟಕಿಯಲ್ಲೂ ದೀಪ ಹಚ್ಚಿರಲಿಲ್ಲ.

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬೆನ್ನ ಹಿಂದೆ ಕಲ್ಲಿನ ಮೇಲೆ ಚಪ್ಪಲಿಯ ಸದ್ದು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಓಟ. ಯಾರೋ ಅವಳ ಹೆಸರು ಕೂಗಿದರು, ಮಗುವಿನ ಹೆಸರು ಕೂಗಿದರು.

ನೇರಿ ತಿರುಗಲಿಲ್ಲ. ಎದ್ದು ಕತ್ತಲೆಯ ಓಣಿಯ ಕಡೆ ನಡೆದ. ಮೊಮ್ಮಗಳ ತಲೆಗೆ ಬೀಳುವ ನೀರಿನ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ಅಪ್ಪನಿಗೆ ತಾನೇ ಹೇಳಬೇಕಿತ್ತು.